ಎರಡನೆಯ ಅಚ್ಚು

ಎಂ.ಎ. ಓದುತ್ತಿದ್ದಾಗ ಒಂದು ವೀರಗಲ್ಲಿನ ಶಾಸನದ ಪಡಿಯಚ್ಚು ತೆಗೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಲ್ಲನ್ನು ತೊಳೆದು, ಒದ್ದೆಯ ಕಾಗದ ಹೊದಿಸಿ, ಅದು ಅಕ್ಷರದ ಕುಳಿಗಳಲ್ಲಿ ಕೂರುವಂತೆ ಬ್ರಷ್ಷಿನಿಂದ ಬಡಿದು, ಆಮೇಲೆ ಮೇಲ್ಮೈಗೆ ಮಸಿ ತಟ್ಟಬೇಕು. ಕುಳಿಗೆ ಮಸಿ ತಾಗದು. ಅಕ್ಷರ ಬೆಳ್ಳಗೆ ಉಳಿಯುತ್ತದೆ. ಕಾಗದದ ತೇವ ಆರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಕೊನೆಯ ಸಾಲು ಮಸಿಯಲ್ಲಿ ಕಲಸಿಹೋಯಿತು. ಮರುವರ್ಷ ಹೋದಾಗ ಹೊಲದಲ್ಲಿ ಕಲ್ಲೇ ಇರಲಿಲ್ಲ. ಸತ್ತವನ ಹೆಸರು ಆ ಸಾಲಿನಲ್ಲಿತ್ತೋ ಏನೋ!

ಈ ಹಳೆಯ ತಪ್ಪು ಮತ್ತೆ ನೆನಪಾದುದು, ಮೊಮ್ಮಗಳು ತಂದಿಟ್ಟ ಜೆಲ್ ಹಲಗೆಯೊಂದರಿಂದ. ಹಲಗೆಯೆಂಬುದು ಹೆಸರಿಗಷ್ಟೆ, ಬೆರಳೊತ್ತಿದರೆ ತಗ್ಗಿ ಮತ್ತೆ ಮೇಲೇಳುವ ಮೆತ್ತನೆಯ ಬಿಲ್ಲೆ ಅದು. ಜೆಲಟಿನ್ ಪುಡಿಯನ್ನು ನೀರು, ಗ್ಲಿಸರಿನ್‌ಗಳಲ್ಲಿ ಕರಗಿಸಿ ತಟ್ಟೆಗೆ ಹೊಯ್ದು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಆದರೆ ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬರುವ ವಸ್ತು; ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ಅಪ್ಪಣೆ ದೊರೆಯಲಿಲ್ಲ. ಮೇಲಾಗಿ ಕಡುಬೇಸಗೆಯಲ್ಲಿ ಅದು ಕರಗತೊಡಗುತ್ತದೆ. ಅಂಗಡಿಯ ಕೃತಕ ಹಲಗೆಗೆ ಈ ತೊಡಕುಗಳಿಲ್ಲ.

ಹಲಗೆಯ ಮೇಲೆ ಅಕ್ರಿಲಿಕ್ ಬಣ್ಣವನ್ನು ರೋಲರಿನಿಂದ ತೆಳ್ಳಗೆ ಹರಡಬೇಕು. ನರಗಳು ಉಬ್ಬಿದ ಬೆನ್ನು ಕೆಳಗಾಗುವಂತೆ ಒಂದು ಎಲೆಯನ್ನಿಟ್ಟು, ಕಾಗದ ಹಾಸಿ, ಅಂಗೈಯಿಂದ ತೀಡಬೇಕು. ಈ ಮೊದಲ ಕಾಗದ ಎಲೆಯ ಸುತ್ತಲಿನ ಬಣ್ಣವನ್ನು ಎತ್ತಿಕೊಳ್ಳುತ್ತದೆ; ಎಲೆಯಿದ್ದೆಡೆ ಬರಿಯ ಬಿಳುಪು. ಹೊಸಬರು ಇಷ್ಟಕ್ಕೇ ಹಿಗ್ಗಿ ಹಲಗೆಯನ್ನು ಒರೆಸಿಬಿಡುತ್ತಾರೆ. ನಾನೂ ಒರೆಸಿದೆ. ನಿಜವಾದ ಸೊಗಸು ಹಲಗೆಯಲ್ಲಿಯೇ ಉಳಿದಿರುತ್ತದೆಂಬುದು ಆಮೇಲೆ ತಿಳಿಯಿತು. ಎಲೆಯನ್ನು ಮೆಲ್ಲನೆ ಎತ್ತಿದರೆ, ಅದರಡಿ ಸಿಕ್ಕಿಕೊಂಡ ಬಣ್ಣದಲ್ಲಿ ನರನರವೂ ಮೂಡಿರುತ್ತದೆ. ಎರಡನೆಯ ಕಾಗದಕ್ಕೆ ಬರುವುದು ಅದು. ಇಂಗ್ಲಿಷಿನಲ್ಲಿ ಇದಕ್ಕೆ ಭೂತದ ಹೆಸರಿಟ್ಟಿದ್ದಾರೆ. ನನಗೆ ‘ಉಳಿಕೆಯಚ್ಚು’ ಎಂಬುದೇ ಒಪ್ಪುತ್ತದೆ. ಫ್ರಾನ್ಸಿನ ಚಿತ್ರಕಾರ ಡೆಗಾ 1870ರ ದಶಕದಲ್ಲಿ ಲೋಹದ ಹಲಗೆಯಿಂದ ಇಂಥದೇ ಮಾಸಲು ಎರಡನೆಯ ಅಚ್ಚುಗಳನ್ನು ತೆಗೆದು, ಅವುಗಳ ಮೇಲೆ ಪೇಸ್ಟಲ್ ಬಣ್ಣ ತೀಡಿ ನರ್ತಕಿಯರನ್ನು ಚಿತ್ರಿಸಿದ.

ಪದರಗಳ ಆಟ ಇನ್ನೂ ಸ್ವಾರಸ್ಯದ್ದು. ಉಳಿಕೆಯನ್ನು ಕಾಗದಕ್ಕೆ ತೆಗೆಯದೆ ಹಲಗೆಯ ಮೇಲೆಯೇ ಒಣಗಲು ಬಿಡಬೇಕು. ಅದರ ಮೇಲೆ ಇನ್ನೊಂದು ಬಣ್ಣ ಹರಡಿ, ಗೋಣಿಯ ತುಂಡನ್ನೊತ್ತಿ ತೆಗೆದರೆ ಅದರ ನೇಯ್ಗೆ ಮೂಡುತ್ತದೆ, ಅದನ್ನೂ ಒಣಗಿಸಬೇಕು. ಕೊನೆಗೆ ತಿಳಿ ಬಣ್ಣದ ತೆಳುಲೇಪವೊಂದನ್ನು ಬಳಿದು, ಹಸಿಯಿರುವಾಗಲೇ ಕಾಗದ ಹಾಸಿ, ಆರಿದ ಮೇಲೆ ಎತ್ತಿದರೆ, ಕೊನೆಯ ಲೇಪ ಅಂಟಿನಂತೆ ಹಿಂದಿನ ಪದರಗಳನ್ನೆಲ್ಲ ತನ್ನೊಡನೆ ಎಳೆತರುತ್ತದೆ. ಹಲಗೆಗೆ ಮೊದಲು ಬಳಿದದ್ದು ಕಾಗದದಲ್ಲಿ ಎಲ್ಲಕ್ಕಿಂತ ಮೇಲೆ ಕಾಣುತ್ತದೆ! ಹಾಗಾಗಿ ಎದ್ದುಕಾಣಬೇಕಾದುದನ್ನು ಮೊದಲೇ ಇಡಬೇಕು. ಹಳೆಯದು ಅಡಿಯಲ್ಲಿರುತ್ತದೆಂದು ನಂಬಿ ಪಾಠ ಹೇಳಿದವನಿಗೆ ಇದು ಒಗ್ಗಲು ಕೆಲವು ದಿನಗಳೇ ಬೇಕಾದುವು.

ಮೂರು ಪದರಗಳಾದ ದಿನ ಸಂಜೆಯವರೆಗೂ ಕಾಯಬೇಕಿತ್ತು. “ತಾತಾ, ಇನ್ನೂ ಒಣಗಿಲ್ಲ” ಎಂದು ಮೊಮ್ಮಗಳು ಎರಡು ಸಲ ಎಚ್ಚರಿಸಿದಳು. ನಾನು ಕಾಗದದ ಮೂಲೆ ಹಿಡಿದು ಎತ್ತಿಯೇಬಿಟ್ಟೆ. ಸೀಬೆಯೆಲೆಯ ಅರ್ಧ ಕಾಗದಕ್ಕೆ ಬಂತು. ಉಳಿದರ್ಧ ಹಲಗೆಯ ಮೇಲೆ ಕದಡಿಹೋಯಿತು. ನನಗೆ ಆ ಹೊಲ, ಆ ಕಲ್ಲು, ಕಲಸಿದ ಆ ಸಾಲು ಒಮ್ಮೆಲೇ ಕಣ್ಣಮುಂದೆ ಬಂದುವು. ಏನು ಹೇಳಬೇಕೆಂದು ತೋಚದೆ ಸುಮ್ಮನೆ ಕುಳಿತೆ.

ಅಂಗಳದಲ್ಲಿ ಸೀಬೆಯ ಗಿಡ ನಿಂತೇ ಇತ್ತು. ಮೊಮ್ಮಗಳು ಇನ್ನೊಂದು ಎಲೆ ತರಲು ಎದ್ದು ಹೋದಳು.