ಪಾಠದ ಚಿತ್ರ ಯಾರ ಸ್ವತ್ತು?

ವೈದ್ಯಕೀಯ ಕಾಲೇಜಿನ ಅಧ್ಯಾಪಕರೊಬ್ಬರು ಪುಸ್ತಕದಲ್ಲಿರುವ ಹೃದಯದ ಚಿತ್ರವನ್ನು ಜೆರಾಕ್ಸ್ ಮಾಡಿಸಿ ತರಗತಿಯಲ್ಲಿ ಹಂಚುತ್ತಾರೆ. ಇದು ತಪ್ಪೇ?

ಹೃದಯಕ್ಕೆ ನಾಲ್ಕು ಕೋಣೆಗಳಿವೆ ಎಂಬ ಸಂಗತಿಗೆ ಒಡೆಯರಿಲ್ಲ. ಅದನ್ನು ವಿವರಿಸಿದ ಬರಹಕ್ಕೆ, ತೋರಿಸಿದ ಚಿತ್ರಕ್ಕೆ ಮಾತ್ರ ಕೃತಿಸ್ವಾಮ್ಯ ಉಂಟು. ಭಾರತದಲ್ಲಿ ಅದು ಕರ್ತೃವಿನ ಮರಣಾನಂತರವೂ 60 ವರ್ಷ ಉಳಿಯುತ್ತದೆ. ಹೆನ್ರಿ ಗ್ರೇ 1858ರಲ್ಲಿ ಪ್ರಕಟಿಸಿದ ಅಂಗರಚನಾಶಾಸ್ತ್ರದ ಗ್ರಂಥಕ್ಕೆ ಚಿತ್ರ ಬರೆದ ಹೆನ್ರಿ ಕಾರ್ಟರ್ 1897ರಲ್ಲಿ ತೀರಿಕೊಂಡರು. ಆ ಚಿತ್ರಗಳು ಇಂದು ಎಲ್ಲರ ಸ್ವತ್ತು. ಅದೇ ಗ್ರಂಥದ ಹೊಸ ಆವೃತ್ತಿಯ ಚಿತ್ರಗಳು ಹಾಗಲ್ಲ.

ಹೊಸ ಪುಸ್ತಕವಾದರೆ? 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಬೋಧನೆಗೆ ವಿನಾಯಿತಿ ನೀಡಿದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯ ಮೇಲೆ ವಿದೇಶಿ ಪ್ರಕಾಶಕರು 2012ರಲ್ಲಿ ದಾವೆ ಹೂಡಿದ್ದರು. ಬೋಧನೆಗೆ ಅಗತ್ಯವಿದ್ದಷ್ಟನ್ನು ಪ್ರತಿ ಮಾಡುವುದು ಉಲ್ಲಂಘನೆಯಲ್ಲವೆಂದು ದೆಹಲಿ ಹೈಕೋರ್ಟು 2016ರಲ್ಲಿ ಹೇಳಿತು. 2017ರಲ್ಲಿ ಪ್ರಕಾಶಕರು ದಾವೆಯನ್ನು ಹಿಂತೆಗೆದುಕೊಂಡರು.

ಆದ್ದರಿಂದ ಆ ಅಧ್ಯಾಪಕರು ತಪ್ಪು ಮಾಡಿಲ್ಲ. ಆದರೆ ಈ ವಿನಾಯಿತಿ ಇರುವುದು ಪಾಠಕ್ಕೆ, ವ್ಯಾಪಾರಕ್ಕಲ್ಲ. ಇಡೀ ಪುಸ್ತಕವನ್ನು ನಕಲು ಮುದ್ರಿಸಿ ಮಾರುವುದು ಅಪರಾಧವೇ. ದುಬಾರಿ ಪುಸ್ತಕ ಕೊಳ್ಳಲಾಗದ ವಿದ್ಯಾರ್ಥಿಯ ಓದು ನಿಲ್ಲಬಾರದು. ಬರೆದವರ ಶ್ರಮವೂ ಕಳವಾಗಬಾರದು. ಕಾನೂನಿನ ಆಶಯ ಇದೇ.