ಮಾಟುಂಗದ ಮನೆಯ ಮಾರಾಟ: ಕೆಲವು ವಿಚಾರಗಳು

ಮನೆಯನ್ನು ಕೊಳ್ಳುವಾಗ ನಾವು ತೋರುವ ಎಚ್ಚರವನ್ನು ಮಾರುವಾಗ ತೋರುವುದು ವಿರಳ. ನಿವೃತ್ತರಾಗಿ ಊರಿಗೆ ಮರಳುವವರು, ಮಕ್ಕಳು ಪರದೇಶದಲ್ಲಿ ನೆಲಸಿದವರು, ತಂದೆಯ ಮನೆಯನ್ನು ಒಡಹುಟ್ಟಿದವರೊಡನೆ ಹಂಚಿಕೊಳ್ಳಬೇಕಾದವರು, ಇವರೆಲ್ಲರ ಮುಂದೆಯೂ ಒಂದೇ ಪ್ರಶ್ನೆ: ಮಾರುವ ಉತ್ತಮ ಮಾರ್ಗ ಯಾವುದು? ಬಾಳಿನ ದುಡಿಮೆಯೆಲ್ಲ ಒಂದೇ ವ್ಯವಹಾರದಲ್ಲಿ ಅಡಗಿರುವುದರಿಂದ ಇಲ್ಲಿಯ ತಪ್ಪನ್ನು ತಿದ್ದಿಕೊಳ್ಳಲು ಎರಡನೆಯ ಅವಕಾಶವಿರದು.

ಮೊದಲು ನಿರ್ಣಯಿಸಬೇಕಾದುದು, ನಮ್ಮ ಕೈಯಲ್ಲಿ ಮಾರಲು ಏನಿದೆ ಎಂಬುದು. ೧೮೯೬ರ ಪ್ಲೇಗಿನ ತರುವಾಯ, ೧೮೯೮ರಲ್ಲಿ ಸ್ಥಾಪಿತವಾದ ಮುಂಬಯಿ ಸುಧಾರಣಾ ಟ್ರಸ್ಟು ದಾದರ-ಮಾಟುಂಗ ಬಡಾವಣೆಯನ್ನು ಯೋಜಿಸಿತು. ಅಲ್ಲಿಯ ಕಟ್ಟಡಗಳಲ್ಲಿ ದಕ್ಷಿಣದಿಂದ ಬಂದ ಅನೇಕ ಕುಟುಂಬಗಳು ಬಾಡಿಗೆಗೆ ನೆಲಸಿದವು. ೧೯೪೭ರ ಬಾಡಿಗೆ ಕಾಯಿದೆಯು ಬಾಡಿಗೆಯನ್ನು ಹಿಡಿದು ನಿಲ್ಲಿಸಿತು. ಪಗಡಿಯು ನಿಷಿದ್ಧವಾಗಿದ್ದರೂ ರೂಢಿಯಲ್ಲಿ ಬೆಳೆಯಿತು. ೨೦೦೦ದ ಮಾರ್ಚ್ ೩೧ರಂದು ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ೫೬ನೆಯ ಕಲಮು ಅದಕ್ಕೆ ಮಾನ್ಯತೆಯಿತ್ತಿತು. ಆದುದರಿಂದ ಪಗಡಿಯವನು ಮಾರುವುದು ಮನೆಯನ್ನಲ್ಲ, ಬಾಡಿಗೆಯ ಹಕ್ಕನ್ನು. ಅದಕ್ಕೆ ಮಾಲೀಕನ ಸಮ್ಮತಿ ಬೇಕು. ಬಂದ ಹಣದಲ್ಲಿ ಅವನಿಗೂ ಪಾಲುಂಟು. ಇಂಥ ಹಕ್ಕಿನ ಮೇಲೆ ಬ್ಯಾಂಕಿನ ಸಾಲ ದೊರೆಯುವುದು ಕಷ್ಟವಾದ್ದರಿಂದ ಗಿರಾಕಿಗಳೂ ಕಡಿಮೆ. ಸಹಕಾರಿ ಸಂಘದ ಸದಸ್ಯನ ಸ್ಥಿತಿ ಬೇರೆ. ಷೇರುಪತ್ರವೂ ನೋಂದಾಯಿತ ಕರಾರುಗಳೂ ಸರಿಯಾಗಿದ್ದರೆ ಅವನ ಮಾರುಕಟ್ಟೆ ವಿಶಾಲವಾದುದು.

ಎರಡನೆಯ ಪ್ರಶ್ನೆ, ಈಗ ಮಾರುವುದೋ ಮರುನಿರ್ಮಾಣಕ್ಕೆ ಕಾಯುವುದೋ ಎಂಬುದು. ಉಪಕರಕ್ಕೆ ಒಳಪಟ್ಟ ಹಳೆಯ ಕಟ್ಟಡ ಮರುನಿರ್ಮಾಣವಾದರೆ ಬಾಡಿಗೆದಾರನೇ ಹೊಸ ಮನೆಯ ಒಡೆಯನಾಗುವನು, ಲಾಭ ದೊಡ್ಡದು. ಆದರೆ ಅರ್ಧಕ್ಕೆ ನಿಂತ ಕಟ್ಟಡಗಳೂ ಈ ನಗರದಲ್ಲಿ ಇಲ್ಲದಿಲ್ಲ. ಒಪ್ಪಂದ ನೋಂದಣಿಯಾಗಿ ಕೆಲಸ ಆರಂಭವಾಗುವವರೆಗೆ ಅದು ಬರಿಯ ಭರವಸೆ. ಎಪ್ಪತ್ತೈದರ ವೃದ್ಧನಿಗೆ ಹತ್ತು ವರ್ಷಗಳ ನಿರೀಕ್ಷೆಯೂ ಒಂದು ವೆಚ್ಚವೇ.

ಮೂರನೆಯದು ದಲ್ಲಾಳಿಯ ವಿಚಾರ. ಎರಡು ಕೋಟಿ ರೂಪಾಯಿಯ ಮನೆಗೆ ಶೇಕಡಾ ೨ರಂತೆ ದಲ್ಲಾಳಿ ೪ ಲಕ್ಷವಾಗುತ್ತದೆ. ಇದನ್ನು ಉಳಿಸಲು ಸಂಘದ ಸಭಾಂಗಣದಲ್ಲಿ ಪರಿಚಯವಾದ ಮೊದಲ ಗಿರಾಕಿಗೇ ಮಾತು ಕೊಡುವವರುಂಟು. ಬೆಲೆಯಲ್ಲಿ ಶೇಕಡಾ ೫ ಕುಂದಿದರೂ ನಷ್ಟ ೧೦ ಲಕ್ಷ! ಹಾಗೆಂದು ದಲ್ಲಾಳಿಯ ಮಾತನ್ನೇ ಪ್ರಮಾಣವೆನ್ನಬೇಕಾಗಿಲ್ಲ. ನೆರೆಯ ಮನೆಗಳು ನಿಜವಾಗಿ ಎಷ್ಟಕ್ಕೆ ಮಾರಿದವೆಂಬುದು ನೋಂದಣಿ ಇಲಾಖೆಯ ‘ಇಂಡೆಕ್ಸ್ ೨’ ದಾಖಲೆಯಲ್ಲಿ ಸಿಗುತ್ತದೆ. ಅದನ್ನು ನೋಡಿ ಬೆಲೆ ನಿಶ್ಚಯಿಸಿ, ಅವಧಿಯನ್ನೂ ದಲ್ಲಾಳಿಯ ದರವನ್ನೂ ಬರೆಹದಲ್ಲಿ ಗೊತ್ತುಪಡಿಸಿ, ಕನಿಷ್ಠ ಮೂವರ ಬೇಡಿಕೆಯನ್ನು ಹೋಲಿಸುವುದು ವಿವೇಕ.

ಕೊನೆಗೆ ತೆರಿಗೆ. ೨೦೨೪ರ ಜುಲೈ ೨೩ರ ತರುವಾಯದ ಮಾರಾಟಗಳಲ್ಲಿ ದೀರ್ಘಾವಧಿ ಲಾಭದ ಮೇಲೆ ತೆರಿಗೆ ಶೇಕಡಾ ೧೨.೫, ಅದಕ್ಕೆ ಮೊದಲು ಕೊಂಡ ಮನೆಯಾದರೆ ಭಾರತದ ನಿವಾಸಿಯು ಬೆಲೆಯೇರಿಕೆಯನ್ನು ಕಳೆದು ಶೇಕಡಾ ೨೦ರ ಲೆಕ್ಕವನ್ನೂ ಆರಿಸಿಕೊಳ್ಳಬಹುದು. ೨೦೦೧ರ ಏಪ್ರಿಲ್ ೧ಕ್ಕೆ ಹಿಂದಿನ ಮನೆಗೆ ಆ ದಿನದ ಬೆಲೆಯನ್ನೇ ಮೂಲಬೆಲೆಯೆಂದು ಹಿಡಿಯಲು ಅವಕಾಶವಿದೆ. ಪಾಲುದಾರರಲ್ಲಿ ಒಬ್ಬರು ಪರದೇಶನಿವಾಸಿಯಾದರೆ ಅವರ ಪಾಲಿನಿಂದ ಗಿರಾಕಿಯು ಹೆಚ್ಚು ತೆರಿಗೆಯನ್ನು ಮುರಿದುಕೊಳ್ಳಬೇಕಾಗುವುದರಿಂದ, ಕರಾರಿಗೆ ಮುಂಚೆಯೇ ತಜ್ಞರ ಸಲಹೆ ಪಡೆಯತಕ್ಕದ್ದು.

ಹೀಗೆ, ಹಕ್ಕು, ಕಾಲ, ಬೆಲೆ, ತೆರಿಗೆ, ಈ ಕ್ರಮದಲ್ಲಿ ವಿಚಾರ ನಡೆದರೆ ಮಾರ್ಗವು ತಾನಾಗಿ ಸ್ಪಷ್ಟವಾಗುವುದು. ಒಡಹುಟ್ಟಿದವರಿದ್ದಲ್ಲಿ ಈ ಲೆಕ್ಕವನ್ನು ಎಲ್ಲರೂ ಕೂಡಿ ಕುಳಿತು ಮಾಡಬೇಕು. ಮನೆ ಮಾರಿದ ಮೇಲೂ ಸಂಬಂಧಗಳು ಉಳಿಯಬೇಕಲ್ಲವೆ?