ಪಾಡ್‌ಕಾಸ್ಟ್: ‘ಚೆನ್ನಾಗಿರೋ ಸೂಜಿ ಯಾಕಮ್ಮ ಕೀಳ್ತೀಯ?’ ನರ್ಸಿಂಗ್‌ನಲ್ಲಿ ಪುರಾವೆ ಒಟ್ಟುಗೂಡಿಸೋದು ಹೇಗೆ?

ನಾನು ಹನ್ನೆರಡು ವರ್ಷ ವಾರ್ಡ್‌ಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಈಗ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡ್ತೀನಿ. ಇವತ್ತಿನ ವಿಷಯದ ಹೆಸರು ಕೇಳಿದ್ರೆ ಸ್ವಲ್ಪ ಭಾರ ಅನ್ನಿಸಬಹುದು: ಸಿಸ್ಟಮ್ಯಾಟಿಕ್ ರಿವ್ಯೂ, ಅಂದರೆ ವ್ಯವಸ್ಥಿತ ಪರಾಮರ್ಶೆ. ಆದರೆ ನನ್ನ ಮಟ್ಟಿಗೆ ಇದು ಶುರುವಾಗಿದ್ದು ಒಬ್ಬ ಅಜ್ಜಿಯ ಕೈಯಿಂದ.

ನಾನು ಕೆಲಸಕ್ಕೆ ಸೇರಿದ ಹೊಸತು. ಡ್ರಿಪ್ಸ್ ಹಾಕೋಕೆ ಕೈಗೆ ಚುಚ್ಚಿ ಬಿಡ್ತಾರಲ್ಲ ಕ್ಯಾನುಲಾ, ಅದನ್ನು ಮೂರು ದಿನಕ್ಕೊಮ್ಮೆ ತೆಗೆದು ಬೇರೆ ಕಡೆ ಹಾಕಬೇಕು ಅನ್ನೋದು ನಮ್ಮ ವಾರ್ಡಿನ ನಿಯಮ. ಆ ಅಜ್ಜಿಗೆ ನರ ಸಿಗೋದೇ ಕಷ್ಟ. ಇದ್ದ ಕ್ಯಾನುಲಾ ಚೆನ್ನಾಗೇ ಇತ್ತು. ಊತ ಇಲ್ಲ, ಕೆಂಪಾಗಿಲ್ಲ, ನೋವಿಲ್ಲ. ಆದರೂ ದಿನ ಮುಗಿದಿತ್ತು, ತೆಗೆದೆ. ಹೊಸದು ಕೂತಿದ್ದು ನಾಲ್ಕನೇ ಸಲ ಚುಚ್ಚಿದಾಗ. ಅಜ್ಜಿ ಬೈಯಲಿಲ್ಲ. ‘ಚೆನ್ನಾಗಿರೋ ಸೂಜಿ ಯಾಕಮ್ಮ ಕೀಳ್ತೀಯ?’ ಅಂತ ಕೇಳಿದ್ರು ಅಷ್ಟೆ. ‘ರೂಲ್ಸು ಅಜ್ಜಿ’ ಅಂದೆ. ನನ್ನ ಹತ್ತಿರ ಇದ್ದಿದ್ದು ಅದೊಂದೇ ಉತ್ತರ.

ನಿಯಮ ಸುಮ್ಮನೆ ಬಂದಿದ್ದಲ್ಲ. ಕ್ಯಾನುಲಾ ಹೆಚ್ಚು ದಿನ ಇದ್ದರೆ ರಕ್ತನಾಳ ಉರಿಯೂತಕ್ಕೆ ಒಳಗಾಗುತ್ತೆ, ಇದಕ್ಕೆ ಫ್ಲೆಬೈಟಿಸ್ ಅಂತೀವಿ. ಅಪರೂಪಕ್ಕೆ ಸೋಂಕು ರಕ್ತಕ್ಕೂ ಸೇರಬಹುದು. ಈ ಭಯದಿಂದಲೇ 72ರಿಂದ 96 ಗಂಟೆಗೊಮ್ಮೆ ಬದಲಿಸುವ ಪದ್ಧತಿ ಎಷ್ಟೋ ದೇಶಗಳಲ್ಲಿ ನಡೆದು ಬಂತು. ಆದರೆ ಹೀಗೆ ಬದಲಿಸೋದರಿಂದ ನಿಜವಾಗಿ ತೊಂದರೆ ಕಡಿಮೆ ಆಗುತ್ತಾ? ಅಜ್ಜಿ ಕೇಳಿದ್ದೂ ಅದನ್ನೇ ತಾನೇ?

ಇದಕ್ಕೆ ಒಂದು ಸಂಶೋಧನಾ ಲೇಖನ ಓದಿದ್ರೆ ಸಾಲದಾ? ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಹಿಸುಕಿದ್ರೆ ಸಾಕು, ಯಾಕಂದ್ರೆ ಪಾತ್ರೆ ಒಂದೇ. ಸಂಶೋಧನೆಯಲ್ಲಿ ಹಾಗಲ್ಲ. ಒಂದೊಂದು ಅಧ್ಯಯನವೂ ಬೇರೆ ಬೇರೆ ಪಾತ್ರೆ. ಒಂದರಲ್ಲಿ ನಲವತ್ತು ರೋಗಿಗಳು, ಇನ್ನೊಂದರಲ್ಲಿ ಮೂರು ಸಾವಿರ. ನಮಗೆ ಇಷ್ಟವಾದ ಅಗುಳನ್ನೇ ಆರಿಸಿಕೊಂಡ್ರೆ ಯಾವ ವಾದವನ್ನಾದರೂ ಗೆಲ್ಲಬಹುದು.

ಈ ತೊಂದರೆಯನ್ನು ಗಟ್ಟಿಯಾಗಿ ಹೇಳಿದವರಲ್ಲಿ ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರೇನ್ ಪ್ರಮುಖರು. ಚಿಕಿತ್ಸೆಗಳ ಪರಿಣಾಮವನ್ನು ಪರೀಕ್ಷಿಸಿ ನೋಡದೆ ನಂಬಬಾರದು ಅಂತ ವಾದಿಸಿದ ಅವರ ಪುಸ್ತಕ 1972ರಲ್ಲಿ ಬಂತು. 1993ರಲ್ಲಿ ಅವರ ಹೆಸರಿನಲ್ಲೇ ಕಾಕ್ರೇನ್ ಸಂಸ್ಥೆ ಶುರುವಾಯಿತು. ನರ್ಸಿಂಗ್‌ಗೆ ಇನ್ನೂ ಹತ್ತಿರದ್ದು ಅಂದ್ರೆ 1996ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಸ್ಥಾಪನೆಯಾದ ಜೋಅನ್ನಾ ಬ್ರಿಗ್ಸ್ ಸಂಸ್ಥೆ. ರಾಯಲ್ ಅಡಿಲೇಡ್ ಆಸ್ಪತ್ರೆಯ ಮೊದಲ ಮೇಟ್ರನ್ ಹೆಸರು ಅದು.

ಈಗ ಪರಾಮರ್ಶೆ ಮಾಡೋದು ಹೇಗೆ ನೋಡೋಣ.

ಮೊದಲನೇದು ಪ್ರಶ್ನೆ. ‘ಕ್ಯಾನುಲಾ ಬದಲಿಸೋದು ಒಳ್ಳೇದಾ?’ ಅಂದ್ರೆ ತೀರಾ ಸಡಿಲ. ಯಾರಿಗೆ, ಏನು ಮಾಡಿದರೆ, ಯಾವುದಕ್ಕೆ ಹೋಲಿಸಿ, ಏನಾಗುತ್ತೆ? ಈ ನಾಲ್ಕನ್ನೂ ಬಿಗಿಯಾಗಿ ಬರೀಬೇಕು. ಇದಕ್ಕೆ ‘ಪಿಕೋ’ ಅಂತಾರೆ. ನಮ್ಮ ಉದಾಹರಣೆಯಲ್ಲಿ: ಆಸ್ಪತ್ರೆಯಲ್ಲಿ ಕ್ಯಾನುಲಾ ಇರುವ ರೋಗಿಗಳಿಗೆ, ತೊಂದರೆ ಕಂಡಾಗ ಮಾತ್ರ ಬದಲಿಸಿದರೆ, ದಿನ ಲೆಕ್ಕ ಹಾಕಿ ಬದಲಿಸುವುದಕ್ಕೆ ಹೋಲಿಸಿ, ಉರಿಯೂತ ಮತ್ತು ಸೋಂಕು ಹೆಚ್ಚುತ್ತಾ?

ಎರಡನೇದು, ಕೆಲಸ ಶುರು ಮಾಡೋಕೆ ಮುಂಚೆಯೇ ಯೋಜನೆಯನ್ನು ಬಹಿರಂಗವಾಗಿ ನೋಂದಾಯಿಸೋದು. 2011ರಿಂದ ಇದಕ್ಕಾಗಿ ‘ಪ್ರಾಸ್ಪೆರೋ’ ಅನ್ನೋ ನೋಂದಣಿ ಇದೆ. ಫಲಿತಾಂಶ ನೋಡಿ ಆಮೇಲೆ ಪ್ರಶ್ನೆ ಬದಲಿಸಿದ್ರೆ ಯಾರಾದರೂ ಹಿಡೀಬಹುದು.

ಮೂರನೇದು ಹುಡುಕಾಟ. ಗೂಗಲ್‌ನ ಮೊದಲ ಪುಟ ಅಲ್ಲ. ಪಬ್‌ಮೆಡ್, ಎಂಬೇಸ್, ನರ್ಸಿಂಗ್ ಮತ್ತು ಅದಕ್ಕೆ ಸಂಬಂಧಿಸಿದ ಆರೋಗ್ಯ ಕ್ಷೇತ್ರಗಳ ಸಿನಾಲ್ ಇತ್ಯಾದಿ ಕಡೆಗಳಲ್ಲಿ, ಯಾವ ಪದ ಹಾಕಿ ಹುಡುಕಿದೆವು ಅಂತ ದಾಖಲಿಸುತ್ತಾ ಹೋಗಬೇಕು. ಪ್ರಕಟವಾಗದ ಪ್ರಬಂಧಗಳನ್ನೂ ನೋಡಬೇಕು. ‘ಏನೂ ವ್ಯತ್ಯಾಸ ಇಲ್ಲ’ ಅನ್ನೋ ಅಧ್ಯಯನಗಳು ಎಷ್ಟೋ ಸಲ ಅಚ್ಚಾಗದೆ ಬೀರುವಿನಲ್ಲೇ ಉಳಿದುಬಿಡ್ತವೆ.

ನಾಲ್ಕನೇದು ಜರಡಿ ಹಿಡಿಯೋದು. ಸಿಕ್ಕಿದ್ದನ್ನೆಲ್ಲ ಇಬ್ಬರು ಬೇರೆ ಬೇರೆಯಾಗಿ ಕೂತು ಓದಿ, ಯಾವುದು ಇರಲಿ, ಯಾವುದು ಬೇಡ ಅಂತ ನಿರ್ಧರಿಸ್ತಾರೆ. ಒಮ್ಮತ ಬರದಿದ್ರೆ ಮೂರನೆಯವರು. ಎಷ್ಟು ಸಿಕ್ಕಿತು, ಎಷ್ಟು ಬಿಟ್ಟೆವು, ಯಾಕೆ ಬಿಟ್ಟೆವು ಅನ್ನೋದರ ಲೆಕ್ಕ ಕೊಡಬೇಕು. ಇದನ್ನೆಲ್ಲ ಹೇಗೆ ವರದಿ ಮಾಡಬೇಕು ಅಂತ ಹೇಳೋಕೆ ‘ಪ್ರಿಸ್ಮಾ’ ಅನ್ನೋ 27 ಅಂಶಗಳ ಪಟ್ಟಿ ಇದೆ. 2020ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ.

ಐದನೇದು, ಉಳಿದ ಅಧ್ಯಯನಗಳ ಗುಣಮಟ್ಟ ನೋಡೋದು. ರೋಗಿಗಳನ್ನು ಲಾಟರಿ ರೀತಿ ಎರಡು ಗುಂಪು ಮಾಡಿದ್ರಾ? ಮಧ್ಯದಲ್ಲಿ ಬಿಟ್ಟುಹೋದವರ ಲೆಕ್ಕ ಇದೆಯಾ? ಆಮೇಲೆ ಅಂಕಿಗಳನ್ನು ಸೇರಿಸೋದು. ಇದೇ ಮೆಟಾ ಅನಾಲಿಸಿಸ್. ಇದು ಓಟು ಎಣಿಸಿದ ಹಾಗಲ್ಲ. ಹೆಚ್ಚು ನಿಖರ ಮಾಹಿತಿ ಕೊಡೋ ದೊಡ್ಡ ಅಧ್ಯಯನಕ್ಕೆ ಹೆಚ್ಚು ತೂಕ, ಚಿಕ್ಕದಕ್ಕೆ ಕಡಿಮೆ.

ಎಲ್ಲವನ್ನೂ ಅಂಕಿಗಳಲ್ಲಿ ಹಿಡಿಯೋಕಾಗಲ್ಲ. ಪದೇ ಪದೇ ಚುಚ್ಚಿಸಿಕೊಳ್ಳೋ ರೋಗಿಗೆ ಹೇಗನ್ನಿಸುತ್ತೆ ಅನ್ನೋದು ಸಂದರ್ಶನಗಳಲ್ಲಿ ಸಿಗುತ್ತೆ. ಅಂಥ ಅಧ್ಯಯನಗಳನ್ನೂ ಕ್ರಮಬದ್ಧವಾಗಿ ಒಟ್ಟುಗೂಡಿಸೋ ವಿಧಾನಗಳಿವೆ. ಬ್ರಿಗ್ಸ್ ಸಂಸ್ಥೆಯ ದೊಡ್ಡ ಕೊಡುಗೆಗಳಲ್ಲಿ ಇದೂ ಒಂದು.

ಸರಿ, ಅಜ್ಜಿಯ ಪ್ರಶ್ನೆಗೆ ಬರೋಣ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಮೂರು ಆಸ್ಪತ್ರೆಗಳಲ್ಲಿ 3,283 ರೋಗಿಗಳ ಮೇಲೆ ನಡೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿನಲ್ಲಿ ಫ್ಲೆಬೈಟಿಸ್ ಆಗಿದ್ದು ಶೇ 7ರಷ್ಟು ಜನರಿಗೆ. ಕಾಕ್ರೇನ್ ಪರಾಮರ್ಶೆಯ 2019ರ ಆವೃತ್ತಿ ಒಟ್ಟು 9 ಅಧ್ಯಯನ, 7,412 ರೋಗಿಗಳನ್ನು ಸೇರಿಸಿ ನೋಡಿತು. ಉರಿಯೂತದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ತೊಂದರೆ ಕಂಡಾಗ ಮಾತ್ರ ಬದಲಿಸಿದ್ರೆ ಖರ್ಚೂ ಕಡಿಮೆ. ಆದರೆ ಅದೇ ಪರಾಮರ್ಶೆ ಇನ್ನೊಂದು ಮಾತೂ ಹೇಳಿತು: ದಿನ ಲೆಕ್ಕ ಹಾಕಿ ಬದಲಿಸಿದ್ರೆ ಕ್ಯಾನುಲಾ ಕಟ್ಟಿಕೊಳ್ಳೋದು, ದ್ರವ ಹೊರಗೆ ಸೋರಿ ಊದಿಕೊಳ್ಳೋದು ಬಹುಶಃ ಸ್ವಲ್ಪ ಕಡಿಮೆ. ಪುರಾವೆಯ ಖಚಿತತೆ ‘ಮಧ್ಯಮ’ ಅಂತಲೂ ಬರೆದರು.

ಇಲ್ಲಿಗೆ ಕಥೆ ಮುಗೀಲಿಲ್ಲ. ಸ್ವಿಟ್ಜರ್ಲೆಂಡ್‌ನ ಜಿನೀವಾದಲ್ಲಿ ಹೊಸ ಪದ್ಧತಿಗೆ ಬದಲಾದ ಮೇಲೆ ಕ್ಯಾನುಲಾದಿಂದ ಬರೋ ರಕ್ತದ ಸೋಂಕು ಹೆಚ್ಚಿತು, ಹಳೇ ಪದ್ಧತಿಗೆ ಮರಳಿದ ಮೇಲೆ ಇಳಿಯಿತು ಅಂತ 2021ರಲ್ಲಿ ವರದಿಯಾಯಿತು. ಹಾಗಾದ್ರೆ ಯಾವುದು ಸರಿ? ರಕ್ತದ ಸೋಂಕು ತೀರಾ ಅಪರೂಪ. ಅದರ ವ್ಯತ್ಯಾಸ ಹಿಡಿಯೋಕೆ ಏಳು ಸಾವಿರ ರೋಗಿಗಳೂ ಸಾಲದೇ ಹೋಗಬಹುದು. ಜಿನೀವಾದ ಅಧ್ಯಯನ ಬಹಳ ದೊಡ್ಡದು, ಆದರೆ ಅಲ್ಲಿ ಗುಂಪು ಮಾಡಿ ಹೋಲಿಸಿರಲಿಲ್ಲ, ನಡೆದದ್ದನ್ನು ಗಮನಿಸಿದ್ದರು. ಬೇರೆ ಕಾರಣವೂ ಇರಬಹುದು. ಆದ್ದರಿಂದಲೇ ಪರಾಮರ್ಶೆಗಳನ್ನು ಮತ್ತೆ ಮತ್ತೆ ಪರಿಷ್ಕರಿಸಬೇಕಾಗುತ್ತೆ.

ನನ್ನ ವಿದ್ಯಾರ್ಥಿಗಳು ಕೇಳ್ತಾರೆ, ‘ಮೇಡಂ, ಕೊನೆಗೆ ವಾರ್ಡಲ್ಲಿ ಏನು ಮಾಡ್ಲಿ?’ ಅಂತ. ನಿಮ್ಮ ಆಸ್ಪತ್ರೆಯ ನಿಯಮವನ್ನು ನೀವೊಬ್ಬರೇ ಮುರೀಬೇಡಿ. ಆದರೆ ಪ್ರತಿ ಶಿಫ್ಟಲ್ಲೂ ಕ್ಯಾನುಲಾ ಹಾಕಿದ ಜಾಗ ನೋಡಿ, ಮುಟ್ಟಿ, ಬರೆದಿಡಿ. ಕೆಂಪು, ಊತ, ನೋವು ಕಂಡ್ರೆ ತಡ ಮಾಡದೆ ತೆಗೀರಿ. ಅಗತ್ಯವೇ ಇಲ್ಲದಿದ್ರೆ ಮೊದಲ ದಿನವೇ ತೆಗೀರಿ. ದಿನ ಲೆಕ್ಕ ಬಿಟ್ಟು ಗಮನವನ್ನೂ ಬಿಟ್ಟರೆ ಯಾವ ಪುರಾವೆಯೂ ರೋಗಿಯನ್ನು ಕಾಯಲ್ಲ. ನಿಯಮ ಬದಲಾಗಬೇಕು ಅನ್ನಿಸಿದ್ರೆ ಪರಾಮರ್ಶೆಯನ್ನು ಪೂರ್ತಿ ಓದಿ, ಅದರ ಅನುಮಾನಗಳ ಸಮೇತ ಸೋಂಕು ನಿಯಂತ್ರಣ ಸಮಿತಿಯ ಮುಂದಿಡಿ.

ಆ ಅಜ್ಜಿಗೆ ನಾನು ಅವತ್ತು ಕೊಡಬೇಕಿದ್ದ ಉತ್ತರ ‘ರೂಲ್ಸು’ ಅಲ್ಲ. ‘ಇದರ ಬಗ್ಗೆ ಇಷ್ಟು ಗೊತ್ತು, ಇಷ್ಟು ಇನ್ನೂ ಗೊತ್ತಿಲ್ಲ, ಅದಕ್ಕೇ ಹೀಗೆ ಮಾಡ್ತಿದ್ದೀವಿ ಅಜ್ಜಿ’ ಅಂತ. ಅಷ್ಟು ಹೇಳೋಕಾದ್ರೂ ನಾವು ಓದಬೇಕು.